ಕಿವಿಯಲ್ಲಿ ಸಿನಿಮಾ ನೋಡುತ್ತಿದ್ದ ಮುನ್ನೀ ಆಪಾ

ಇಯರ್‌ಫೋನಿನ ಒಂದು ವೈರಿಗೆ ಕೆಂಪು ದಾರ ಸುತ್ತಿತ್ತು. ಅದು ಎಡಗಿವಿಯದು ಎಂಬ ಗುರುತು. ಬಲಗಿವಿಯದು ಕೆಟ್ಟು ಎಷ್ಟೋ ಕಾಲವಾಗಿ ಸುಮ್ಮನೆ ಕೊರಳಲ್ಲಿ ತೂಗುತ್ತಿತ್ತು. ಆ ಒಂದೇ ಕಿವಿಯಲ್ಲಿ ಮುನ್ನೀ ಆಪಾ ದಿನಕ್ಕೊಂದು ಸಿನಿಮಾ ಮುಗಿಸುತ್ತಿದ್ದರು.

ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ಅವರ ಶೆಡ್ಡು. ಗಂಡ ತೀರಿಕೊಂಡ ಮೇಲೆ ಅವರೇ ಬಿಸಿನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಿದ್ದರು. ಎಳೆ ತುಂಡಾದರೆ ತಕ್ಷಣ ಹಿಡಿದು ಸೇರಿಸಬೇಕು, ಅತ್ತಿತ್ತ ನೋಡುವಂತಿಲ್ಲ. ಹಾಗಾಗಿ ಫೋನು ಕಿಟಕಿಯಲ್ಲಿ ಬೋರಲು ಬಿದ್ದಿರುತ್ತಿತ್ತು, ಸಿನಿಮಾ ಕಿವಿಯೊಳಗೆ ನಡೆಯುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ನನಗೇನೂ ತೊಂದರೆಯಿರಲಿಲ್ಲ. ಚಿಂತಾಮಣಿಯ ಕಾಲೇಜಿಗೆ ಬಸ್ಸು ಹಿಡಿಯಲು ನಾನು ಆ ಕಿಟಕಿಯ ಮುಂದೆಯೇ ಹೋಗಬೇಕಿತ್ತು. ಹಿಂದಿನ ದಿನದ ಸಿನಿಮಾದ ತೀರ್ಪು ಅಲ್ಲಿ ನನಗಾಗಿ ಕಾದಿರುತ್ತಿತ್ತು.

ಡಬ್ ಆಗಿ ಬಂದ ಪೊಲೀಸ್ ಕಥೆಗೆ, "ಬರೀ ಬಾಗಿಲು ತೆಗಿಯೋದು, ಹಾಕೋದು. ಅಷ್ಟು ಕಿರುಗುಟ್ಟಿದ್ರೂ ಒಬ್ರೂ ಎಣ್ಣೆ ಬಿಡಲ್ಲ ಕಣಮ್ಮ." ದೆವ್ವದ ಸಿನಿಮಾಕ್ಕೆ, "ಹೆದರಿಸೋಕೆ ಬರೋರು ಗೆಜ್ಜೆ ಯಾಕೆ ಹಾಕೋಬೇಕು?" ಹಿಂದಿಯ ಪ್ರೇಮಕಥೆಗೆ, "ಇಬ್ರಿಗೂ ಅಳೋಕೇ ಬರಲ್ಲ, ಪ್ರೀತಿ ಬೇರೆ ಮಾಡ್ತಾರಂತೆ." ತೆಲುಗಿನಲ್ಲಿ ಮಾತಾಡುವ ಕೊರಿಯಾದವರ ಬಗ್ಗೆ, "ಪಾಪ, ಹಗಲೂ ರಾತ್ರಿ ಸೂಪು ಹೀರ್ತಾನೇ ಇರ್ತಾರೆ." ಪ್ರಶಸ್ತಿ ಪಡೆದ ಒಂದು ಸಿನಿಮಾವನ್ನು ನಾನೇ ಸೂಚಿಸಿದ್ದೆ. ಅದರಲ್ಲಿ ಮಾತು ಕಡಿಮೆ. ಫೋನು ಕೆಟ್ಟಿತೆಂದು ಅದನ್ನು ರಿಪೇರಿ ಅಂಗಡಿಗೆ ಕಳಿಸಿ, ನನ್ನ ಮೇಲೆ ವಾರವಿಡೀ ಮುನಿಸಿಕೊಂಡಿದ್ದರು.

ನನ್ನ ತಾಳ್ಮೆ ಕೆಡಿಸುತ್ತಿದ್ದದ್ದು ಇನ್ನೊಂದು. ಯಾರ ದನಿ ತುಂಬು ಗಂಭೀರವೋ ಅವನೇ ಹೀರೋ ಎಂದು ಆಪಾ ನಿರ್ಧರಿಸಿಬಿಡುತ್ತಿದ್ದರು. ಸಿನಿಮಾದವರು ಒಳ್ಳೆಯ ದನಿಯನ್ನು ಸಾಮಾನ್ಯವಾಗಿ ಖಳನಿಗೇ ಕೊಡುತ್ತಾರೆ. ಒಂದು ಬೆಳಿಗ್ಗೆ, "ಹೀರೋನ ಸಾಯಿಸಿಬಿಟ್ರು" ಎಂದು ಕಣ್ಣು ಒರೆಸಿಕೊಂಡರು. ಸತ್ತವನು ಮಕ್ಕಳನ್ನು ಮಾರುವವನು ಎಂದು ನಾನು ಮೊದಲಿನಿಂದ ಬಿಡಿಸಿ ಹೇಳಿದೆ. ಬಸ್ಸು ಹೋಯಿತು. "ಅಂಥಾ ದನಿ ಇರೋನು ಯಾಕಮ್ಮ ಹಂಗೆ ಮಾಡ್ತಾನೆ?" ಎಂದು ನನ್ನನ್ನೇ ಗದರಿದರು.

ಗೌರಿಬಿದನೂರಿನಲ್ಲಿ ನನಗೆ ಕೆಲಸ ಸಿಕ್ಕಿತು. ಊರು ಬಿಡುವ ಹಿಂದಿನ ದಿನ, ಆಪಾರ ಮಗಳು ಆಯೇಷಾಳನ್ನು ನೋಡಲು ಮುರುಗಮಲ್ಲದಿಂದ ಗಂಡಿನ ಕಡೆಯವರು ಬರುವವರಿದ್ದರು. ಆಯೇಷಾಗೆ ಡಿಗ್ರಿ ಮುಗಿಸಿ ಬಿ.ಎಡ್. ಮಾಡುವ ಆಸೆ. ಆಪಾ ಮಾತ್ರ ಹುಡುಗನೊಂದಿಗೆ ಫೋನಿನಲ್ಲಿ ಒಮ್ಮೆ ಮಾತಾಡಿ ಆಗಲೇ ಒಪ್ಪಿದ್ದರು. "ಏನು ದನಿ ಅಂತೀಯ," ಎಂದಾಗ ನನಗೆ ಆ ಮಕ್ಕಳನ್ನು ಮಾರುವವನು ನೆನಪಾದ.

ಗಂಡಸರು ಕೂತ ಕೋಣೆಗೆ ಆಪಾ ಬರುವಂತಿರಲಿಲ್ಲ. ಪರದೆಯ ಹಿಂದೆ ನಿಂತು ನನ್ನ ಕೈಗೆ ಶರಬತ್ತಿನ ತಟ್ಟೆ ಕೊಟ್ಟರು. "ನೀನು ನೋಡ್ಕೊಂಡು ಬಾ. ನಾನು ಇಲ್ಲಿಂದ ಕೇಳಿಸ್ಕೋತೀನಿ."

ಹುಡುಗ ಸಭ್ಯನಾಗಿದ್ದ. ಮುಂದೆ ಓದುತ್ತೀಯಾ ಎಂದು ಅವನ ದೊಡ್ಡಪ್ಪ ಎದುರು ಕೂತ ಆಯೇಷಾಳನ್ನು ಕೇಳಿದರು. ಓದಲಿ, ನಮ್ಮ ಅಡ್ಡಿಯಿಲ್ಲ ಎಂದು ಹುಡುಗ ಹೇಳಿದ. ನಮ್ಮ ಊರು ಹಿಡಿಸುತ್ತದಾ ಎಂದರು. ಯಾಕೆ ಹಿಡಿಸುವುದಿಲ್ಲ ಎಂದು ಅವನೇ ನಕ್ಕ. ದನಿ ನಿಜಕ್ಕೂ ಚೆನ್ನಾಗಿತ್ತು.

ಅವರು ಹೋದ ಮೇಲೆ ಆಪಾ ನನ್ನ ಅಭಿಪ್ರಾಯ ಕೇಳಿದರು. ವಿದ್ಯಾವಂತ, ಮನೆತನ ಒಳ್ಳೆಯದಿದ್ದಂತಿದೆ, ಒಂದು ಭೇಟಿಯಲ್ಲಿ ಹೇಳುವುದು ಕಷ್ಟ ಎಂದು ಎಳೆದೆ.

"ನಿಂದು ಬರೀ ಮುನ್ನುಡಿ. ಒಂದು ಮಾತಲ್ಲಿ ಹೇಳೇ."

"ಅವಳನ್ನ ಕೇಳಿದ್ದಕ್ಕೆಲ್ಲ ಹುಡುಗನೇ ಉತ್ತರ ಕೊಟ್ಟ ಆಪಾ. ಪ್ರತಿ ಸಲಾನೂ ಅವಳು ಹೇಳೋಕೆ ಬಾಯಿ ತೆರೆದಿದ್ಲು."

ಆಪಾ ಲೋಟಗಳನ್ನು ಒಂದರೊಳಗೊಂದು ಇಟ್ಟರು. "ನಾಳೆ ಹೋಗೋಳು ಇವತ್ತು ಹೇಳ್ತೀಯಲ್ಲ. ನೀನಾದ್ರೂ ಅವಳನ್ನ ಕೇಳ್ಬಹುದಿತ್ತು."

"ನೀವೂ ಕೇಳಿಲ್ವಲ್ಲ ಆಪಾ."

ಆಪಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಬೇರೆಯವರ ಮನೆಯ ವಿಷಯದಲ್ಲಿ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ನನ್ನ ಮೇಲೇ ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ಸಾಮಾನಿನ ಗಾಡಿ ಬರುವ ಮೊದಲು ಶೆಡ್ಡಿಗೆ ಹೋದೆ. ತಾಯಿ ತೊಟ್ಟಿಯ ಮುಂದೆ, ಮಗಳು ಆ ತುದಿಯಲ್ಲಿ ನೂಲು ಸುತ್ತುವ ಚರಕದ ಹಿಡಿ ತಿರುಗಿಸುತ್ತ ಕೂತಿದ್ದರು. ನಾನು ಆಯೇಷಾಳ ಕೈಯಿಂದ ಹಿಡಿ ತೆಗೆದುಕೊಂಡು ಅಮ್ಮನ ಹತ್ತಿರ ಹೋಗೆಂದೆ.

"ಜೋರಾಗಿ ತಿರುಗಿಸ್ಬೇಡ, ಎಳೆ ಕಿತ್ತೋಗುತ್ತೆ," ಎಂದರು ಆಪಾ ನನಗೆ. ಆಮೇಲೆ ಮಗಳ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಕೇಳಿದರು. ಚರಕದ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಆಯೇಷಾ ಮೊದಲು ತಡವರಿಸಿದಳು, ನಂತರ ನಿಲ್ಲಿಸದೆ ಹೇಳತೊಡಗಿದಳು. ಆಪಾ ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಗಾಡಿ ಬಂದು ಹಾರ್ನ್ ಹೊಡೆಯಿತು. ಅವಳ ಮಾತು ಮುಗಿಯುವವರೆಗೆ ನಾನು ಹಿಡಿ ತಿರುಗಿಸುತ್ತಲೇ ಇದ್ದೆ.