ಏಳನೇ ತಿಂಗಳ ಗಾಜಿನ ಬಳೆ

ಕರ್ತನಲ್ಲಿ ನನಗೆ ಪ್ರಿಯರಾದವರೇ, ಕರ್ತನು ನಮ್ಮ ಮನೆಯಲ್ಲಿ ಮಾಡಿದ್ದನ್ನು ಈ ಸಾಕ್ಷಿಯಲ್ಲಿ ಬರೆಯುತ್ತಿದ್ದೇನೆ. ಕಳೆದ ಬಾರಿ ಈಸ್ಟರ್‌ಗೆ ಮುಂಚಿನ ಲೆಂಟ್ ಉಪವಾಸದ ಕಾಲದಲ್ಲಿ, ಎಂಟು ತಿಂಗಳ ಬಸುರಿ ಮಗಳು ರೂತ್ ಬೆಳಿಗ್ಗೆ ಎದ್ದವಳೇ, "ಅಮ್ಮಾ, ನಿನ್ನೆಯಿಂದ ಹೊಟ್ಟೇಲಿ ಪಾಪ್ಪಾ ಅಲ್ಲಾಡ್ಲೇ ಇಲ್ಲ" ಅಂದಳು.

ಅದಕ್ಕೂ ಮೊದಲೇ ಮನೆಯಲ್ಲಿ ನೆಮ್ಮದಿ ಇರಲಿಲ್ಲ. ನಾವು ತಮಿಳುನಾಡಿನ ಕೊಂಬೈನ ಕನ್ನಡದವರು, ಅಜ್ಜನ ಕಾಲಕ್ಕೆ ಕ್ರೈಸ್ತರಾಗಿ ಕರ್ತನ ಬಳಿಗೆ ಬಂದವರು. ಮನೆಯಲ್ಲಿ ಕನ್ನಡ, ಚರ್ಚಿನ ಸಭೆಯಲ್ಲಿ ತಮಿಳು. ಏಳನೇ ತಿಂಗಳಲ್ಲಿ ಬಸುರಿಗೆ ಬಳೆ ತೊಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಆರತಿಯ ಬದಲು ಪ್ರಾರ್ಥನೆ ಮಾಡಿ ತೊಡಿಸುತ್ತಿದ್ದೆವು. ಬಳೆಯ ಸದ್ದು ಹೊಟ್ಟೆಯೊಳಗಿನ ಕೂಸಿಗೆ ಕೇಳಿಸುತ್ತದೆ ಅನ್ನುವುದು ನಮ್ಮವ್ವನ ನಂಬಿಕೆ. ರೂತ್ ಹೋಗುವುದು ತೇನಿಯ ಹೊಸ ಸಭೆಗೆ. ಅಲ್ಲಿ ಗಿಟಾರು, ಡ್ರಮ್ಮು, ಗೋಡೆಯ ಪರದೆಯ ಮೇಲೆ ಮೂಡುವ ಹಾಡಿನ ಸಾಲು. "ಬಳೆ ಹಾಕ್ಕೋಬೇಕು ಅಂತ ಬೈಬಲ್‌ನಲ್ಲಿ ಎಲ್ಲಿದೆ ಅಜ್ಜಿ?" ಅಂತ ಕೇಳಿ, ಬೇಡ ಅಂದುಬಿಟ್ಟಳು. ಅವ್ವ ತಾನು ತಂದಿಟ್ಟಿದ್ದ ಬಳೆಗಳನ್ನು ಹಳೇ ಸೀರೆ ತುಂಡಿನಲ್ಲಿ ಸುತ್ತಿ ತನ್ನ ಚೀಲದೊಳಗೆ ಇಟ್ಟುಕೊಂಡಳು. ಇಬ್ಬರೂ ನನ್ನ ಮುಖ ನೋಡಿದರು. ಒಬ್ಬಳಿಗೆ ಮಗಳು, ಇನ್ನೊಬ್ಬಳಿಗೆ ತಾಯಿ, ನಾನು ಯಾರ ಪರ ಮಾತಾಡಲಿ? ಅಂದಿನಿಂದ ನನಗೆ ಪ್ರಾರ್ಥನೆಯೂ ನೆಟ್ಟಗೆ ಬರುತ್ತಿರಲಿಲ್ಲ.

ಆ ಬೆಳಿಗ್ಗೆ ಆಸ್ಪತ್ರೆಗೆ ಹೋಗಲು ಕಾರು ಕರೆಸಿ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ. ಮೊದಲು ಬಂದ ತೇನಿ ಬಸ್ಸನ್ನೇ ಮೂವರೂ ಹತ್ತಿದೆವು. ಅದು ಊರೂರಲ್ಲಿ ನಿಂತು ನಿಂತು ಹೋಗುವಾಗ ಡ್ರೈವರನ್ನು ಬೈದೆ, ಆಮೇಲೆ ಮನಸ್ಸಿನಲ್ಲೇ ಕರ್ತನನ್ನೂ ಬೈದೆ.

ಆಸ್ಪತ್ರೆಯಲ್ಲಿ ರೂತಳ ಹೊಟ್ಟೆಗೆ ಬೆಲ್ಟ್ ಕಟ್ಟಿ ಮೆಷಿನ್‌ಗೆ ಹಾಕಿದರು. ಎದೆಬಡಿತ ಇತ್ತು, ಮಗು ಮಿಸುಕುತ್ತಿರಲಿಲ್ಲ. ಜ್ಯೂಸ್ ಕುಡಿಸಿದರು, ಎಡಮಗ್ಗುಲಿಗೆ ಮಲಗಿಸಿದರು. "ಇನ್ನು ಸ್ವಲ್ಪ ಹೊತ್ತು ನೋಡೋಣ, ಇಲ್ಲಾಂದರೆ ಇವತ್ತೇ ಆಪರೇಷನ್" ಅಂದು ಡಾಕ್ಟರಮ್ಮ ಹೋದರು.

"ಮಗು ಹತ್ತಿರ ಏನಾದರೂ ಮಾತಾಡಿ" ಅಂದಳು ನರ್ಸ್. ಸಭೆಯ ಮುಂದೆ ನಿಂತು ಹಾಡುವ ರೂತ್ ತುಟಿ ಬಿಚ್ಚಲಿಲ್ಲ. ನಾನು "ಕರ್ತನೇ" ಅಂದೆ, ಮುಂದಿನ ಮಾತೇ ಹೊರಡಲಿಲ್ಲ.

ಅವ್ವ ಚೀಲ ಬಿಚ್ಚಿ ಆ ಬಳೆಗಳನ್ನು ಹೊರತೆಗೆದಳು. "ನಿಂಗೆ ಬ್ಯಾಡಾಂದ್ರೆ ಬ್ಯಾಡ, ನನ್ನ ಕಣ್ಣು. ನಾನೇ ಕೈಲಿ ಹಿಡ್ದು ಆಡಿಸ್ಲಾ?"

ರೂತ್ ಕೈ ಚಾಚಿದಳು. "ಹಾಕಜ್ಜಿ."

ಒಂದೊಂದೇ ಬಳೆ ಏರಿಸುತ್ತಾ ಅವ್ವ ತನಗೆ ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆ ಹೇಳಿದಳು. ರೂತ್ ಆ ಕೈಯನ್ನು ಹೊಟ್ಟೆಯ ಮೇಲೆ ಅಲ್ಲಾಡಿಸುತ್ತಾ ತನ್ನ ಸಭೆಯ ಹಾಡನ್ನು ಮೆಲ್ಲಗೆ ಶುರುಮಾಡಿದಳು. ಒಂದಕ್ಕೊಂದು ತಾಳಮೇಳವೇ ಇಲ್ಲ. ಪಕ್ಕದ ಬೆಡ್ಡಿನವರು ತಿರುಗಿ ನೋಡಿದರು. ಹಾಡು ತಟ್ಟನೆ ನಿಂತಿತು. "ಅಮ್ಮಾ, ಒದೀತು" ಅಂದಳು ರೂತ್. ಮತ್ತೆ ಒದೆಯಿತು. ಮೆಷಿನ್ನಿನ ಗೆರೆ ಮೇಲೇರಿತು. ನಾನು ನೆಲದ ಮೇಲೇ ಕೂತು ಅತ್ತುಬಿಟ್ಟೆ.

ಆಪರೇಷನ್ ಬೇಕಾಗಲಿಲ್ಲ. ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ರೂತಳ ಪಾಸ್ಟರ್ ಮನೆಗೆ ಬಂದು, "ಸಭೆಯಲ್ಲಿ ಸಾಕ್ಷಿ ಹೇಳಿ, ಬಳೆ ವಿಷಯ ಮಾತ್ರ ಬೇಡ" ಅಂದರು. "ಅದನ್ನ ಬಿಟ್ರೆ ಹೇಳೋಕೆ ಏನಿದೆ ಪಾಸ್ಟರ್?" ಅಂದವಳು ರೂತ್.

ಅವ್ವ ನಕ್ಕಳು. "ಬಳೇಲಿ ಏನೂ ಇಲ್ಲಪ್ಪ. ಕೂಸು ಕೇಳ್ತು, ಅಷ್ಟೇ. ಕೇಳೋ ಕಿವಿ ಕೊಟ್ಟೋನು ಅವನಲ್ವಾ?"

ಈಗ ಮನೆಯಲ್ಲಿ ಹೊಸ ಜಗಳ: ಮಗುವಿಗೆ ದೀಕ್ಷಾಸ್ನಾನ ಈಗಲೇ ಅನ್ನುತ್ತಾಳೆ ಅವ್ವ, ಬೆಳೆದ ಮೇಲೆ ಅನ್ನುತ್ತಾಳೆ ರೂತ್. ನಾನಿನ್ನೂ ನಡುವೆಯೇ ಇದ್ದೇನೆ, ನಿದ್ದೆ ಇನ್ನೂ ಅರೆಬರೆಯೇ. ಆದರೂ ಈಗ ಪ್ರಾರ್ಥನೆಗೆ ಕೂತರೆ ಮಾತು ಬರುತ್ತದೆ. ನಮ್ಮ ಇಷ್ಟೆಲ್ಲ ಗದ್ದಲದ ನಡುವೆ ಆತನು ನನ್ನ "ಕರ್ತನೇ" ಅನ್ನುವ ಆ ಒಂದೇ ಒಂದು ಮಾತನ್ನು ಕೇಳಿಸಿಕೊಂಡನಲ್ಲ, ಅದಕ್ಕೇ ಆತನಿಗೆ ಸ್ತೋತ್ರ.