ಒಂಬತ್ತು ಮೆಟ್ಟಿಲು, ಒಂಬತ್ತು ಪೀಳಿಗೆ

ಹಳೆಯ ಪ್ಲಾಸ್ಟಿಕ್ಕಿಗೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಮೊನ್ನೆ ನವರಾತ್ರಿಯಲ್ಲಿ ಚಾಮರಾಜಪೇಟೆಯ ನಮ್ಮ ಮನೆಯ ಅಟ್ಟದಿಂದ ರಟ್ಟಿನ ಡಬ್ಬವೊಂದನ್ನು ಇಳಿಸಿದಾಗ ಆ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಚಿಕ್ಕಂದಿನಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮ್, ಅಪ್ಪ ಮೆಜೆಸ್ಟಿಕ್ಕಿನಿಂದ ತಂದದ್ದು. ನಮ್ಮ ಬೀದಿಗೆಲ್ಲ ಅದೊಂದೇ ಇದ್ದುದರಿಂದ ನಾನು ಎರಡು ವರ್ಷ ಪಾಳೆಗಾರನ ಹಾಗೆ ಬದುಕಿದೆ. ಯಾರಿಗೆ ಎಷ್ಟು ಹೊತ್ತು ಆಟ ಎಂಬುದು ನನ್ನ ತೀರ್ಮಾನ. ಎದುರು ಮಾತಾಡಿದವರು ವರಾಂಡಕ್ಕೆ.

ಡಬ್ಬ ಇಳಿಸಲು ಕಾರಣ ತಂಗಿ ವಸುಧಾಳ ಗಂಡ ಶ್ರೀಧರ. ಬಸವನಗುಡಿಯ ಅವರ ಮನೆಯಲ್ಲಿ ಈ ಸಲ ಗೊಂಬೆ ಕೂರಿಸುವ ಒಂಬತ್ತು ಮೆಟ್ಟಿಲ ಮೇಲೆ ಅವನು ಕೂಡಿಟ್ಟ ಗೇಮ್ ಯಂತ್ರಗಳು ಕುಳಿತಿದ್ದವು. ಮೆಟ್ಟಿಲಿಗೊಂದು ಪೀಳಿಗೆ. ವಸುಧಾಳ ಪಟ್ಟದ ಗೊಂಬೆಗಳಿಗೆ ಟೀಪಾಯಿಗೆ ವರ್ಗವಾಗಿತ್ತು.

ಕುಂಕುಮಕ್ಕೆ ಬಂದ ಹೆಂಗಸರಿಗೆಲ್ಲ ಶ್ರೀಧರ ವಂಶಾವಳಿ ಒಪ್ಪಿಸುತ್ತಿದ್ದ. ಐದಾರು ವರ್ಷಕ್ಕೊಮ್ಮೆ ಹೊಸ ಯಂತ್ರಗಳು ಒಟ್ಟಿಗೆ ಪೈಪೋಟಿಗೆ ಬೀಳುತ್ತವೆ, ಹಾಗೆ ಬಿದ್ದವೆಲ್ಲ ಒಂದು ಪೀಳಿಗೆ. ಶಕ್ತಿ ಎಷ್ಟಿದೆ ಎನ್ನುವುದಕ್ಕಿಂತ ಹುಟ್ಟಿದ ಕಾಲ ಮುಖ್ಯ. ಆರು ವರ್ಷಕ್ಕೇ ಅಜ್ಜನಾಗುವ ಈ ಕುಲದ ಬಗ್ಗೆ ಕೇಳಿ, ಪಾಪ, ಅವರು ತಲೆಯಾಡಿಸಿ ಕೋಸಂಬರಿ ತಿನ್ನುತ್ತಿದ್ದರು.

“ಇದನ್ನೂ ಒಂದು ಮೆಟ್ಟಿಲಲ್ಲಿ ಇಡಪ್ಪ,” ಎಂದು ಅಟ್ಟದಿಂದ ಇಳಿಸಿ ತಂದಿದ್ದ ನನ್ನದನ್ನು ಚಾಚಿದೆ.

ಅವನು ಅದನ್ನು ಜಾತಕ ನೋಡುವವರ ಹಾಗೆ ತಿರುಗಿಸಿ ನೋಡಿದ. “ಇದು ನಕಲಿ ಮಾಲು, ಭಾವ. ಒಳಗಿರೋದು ಮೂರನೇ ಪೀಳಿಗೆ ಸರಕು. ನೀವು ಆಡ್ತಿದ್ದಾಗ ಹೊರದೇಶದಲ್ಲಿ ಐದನೇದು ಬಂದಾಗಿತ್ತು. ಇದಕ್ಕೆ ಮೆಟ್ಟಿಲಿಲ್ಲ.”

ನನಗೆ ಮೈಯೆಲ್ಲ ಉರಿಯಿತು. ಇದೇ ಶ್ರೀಧರ ಹೆಣ್ಣು ನೋಡಲು ಬಂದಾಗ ನಮ್ಮ ಪೀಳಿಗೆಯನ್ನು ಇಷ್ಟು ಕೆದಕಿರಲಿಲ್ಲ.

“ನಮ್ಮ ಬೀದಿಗೆ ಇದೇ ಮೊದಲನೇ ಪೀಳಿಗೆ ಕಣಯ್ಯ!”

“ಬೀದಿ ಲೆಕ್ಕ ಇಲ್ಲಿ ನಡೆಯಲ್ಲ ಭಾವ.”

“ನನ್ನ ಮಿಷನ್ನಿಗೆ ಜಾಗ ಇಲ್ಲ ಅಂದ್ರೆ ನನಗೂ ಇಲ್ಲ. ಹೊರಟೆ!”

ಕುಂಕುಮದ ತಟ್ಟೆ ಹಿಡಿದು ನಿಂತಿದ್ದ ವಸುಧಾ ಆಗ ಬಾಯಿಬಿಟ್ಟಳು. “ನಿನ್ನ ಮಿಷನ್ನಾ? ಅಣ್ಣ, ಏಳನೇ ಕ್ಲಾಸಲ್ಲಿ ಸ್ಕೂಲಿಗೇ ಫಸ್ಟ್ ಬಂದೆ ಅಂತ ಅಪ್ಪ ಅದನ್ನ ನನಗೆ ತಂದಿದ್ದು. ನೀನು ಒಂದು ದಿನ ಆದ್ರೂ ಒಂದನೇ ಕಂಟ್ರೋಲರ್ ನನ್ನ ಕೈಗೆ ಕೊಟ್ಟಿದ್ದೀಯಾ?”

ಕೊಟ್ಟಿರಲಿಲ್ಲ. ಅದು ಅವಳದೆಂಬುದೇ ನನಗೆ ಮರೆತುಹೋಗಿತ್ತು. ನಾಚಿಕೆಯಾಯಿತು, ಮುಚ್ಚುಮರೆ ಏಕೆ? ಶ್ರೀಧರ ಮೆಲ್ಲಗೆ ಪಟ್ಟದ ಗೊಂಬೆಗಳ ಕಡೆ ನೋಡಿ ಕೆಮ್ಮಿದ.

ವಸುಧಾ ತಟ್ಟೆ ಕೆಳಗಿಟ್ಟು, ಟಿವಿಯ ಹಿಂದೆ ತಾನೇ ತಂತಿ ಸಿಕ್ಕಿಸಿದಳು. ಪರದೆ ನಡುಗಿ ಹತ್ತಿಕೊಂಡಿತು. ಚಾಪೆಯ ಮೇಲೆ ಕುಳಿತು ಎರಡು ಕಂಟ್ರೋಲರುಗಳಲ್ಲಿ ಒಂದನೆಯದನ್ನು ತಾನಿಟ್ಟುಕೊಂಡು, ಎರಡನೆಯದನ್ನು ನನ್ನತ್ತ ತಳ್ಳಿದಳು. ನಾನು ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದೆ. ಆಟ ಅಲುಗಾಡಲಿಲ್ಲ.

“ಅದರಲ್ಲಿ ಸ್ಟಾರ್ಟ್ ಬಟನ್ ಇಲ್ಲ ಅಣ್ಣ. ಎರಡನೇದಕ್ಕೆ ಯಾವತ್ತೂ ಇರ್ಲಿಲ್ಲ.”

ತಿರುಗಿಸಿ ನೋಡಿದೆ. ನಿಜ. ಅದನ್ನು ನಾನು ಹಿಡಿದದ್ದು ಅದೇ ಮೊದಲು.

“ಶುರು ಮಾಡೇ,” ಎಂದೆ.

ಬಾಗಿಲಲ್ಲಿ ಯಾರೋ ಬಂದರು. ವಸುಧಾ ಕುಂಕುಮ ಕೊಡಲು ಎದ್ದು ಹೋದಳು. ನಾನು ಕಾಯುತ್ತ ಕುಳಿತೆ.