ಮೋಟರು ಓಡುತ್ತಿದ್ದಾಗಲೇ ಸಿಕ್ಕ ಆಕಾಶ

ನ್ಯಾಮತಿಯ ಚೌಡಮ್ಮ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಬಿಳಿಚೋಡಿನ ಹತ್ತಿರದ ರೇಡಿಯೊ ದೂರದರ್ಶಕ ಕೇಂದ್ರಕ್ಕೆ ಸೇರಿದ್ದು ೧೯೮೧ರಲ್ಲಿ. ದೂರದರ್ಶಕ ಅಂದರೆ ಕಣ್ಣಿಟ್ಟು ನೋಡುವ ಕೊಳವೆಯಲ್ಲ. ಬಯಲಲ್ಲಿ ಕಂಬ ನೆಟ್ಟು ತಂತಿ ಎಳೆದ ಎರಡು ಸಾಲು ಆಂಟೆನಾ. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಅವು ಹಿಡಿದು ರಿಸೀವರಿಗೆ ಕಳಿಸುತ್ತಿದ್ದವು. ಅದಕ್ಕೆ ಜೋಡಿಸಿದ ಪೆನ್ನು ಕಾಗದದ ಸುರುಳಿಯ ಮೇಲೆ ಗೆರೆ ಎಳೆಯುತ್ತಿತ್ತು.

ಜಾಗ ಆರಿಸಿದಾಗ ಸುತ್ತ ಕುರಿ ಮೇಯುವ ಬಯಲು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಕರೆಂಟು ಬಂತು, ಬಾವಿಗಳಿಗೆ ಮೋಟರು ಬಂದವು. ಎಷ್ಟು ಬಿಗಿದು ಕಟ್ಟಿದರೂ ಯಾವುದೋ ಒಂದು ಬಾವಿಯ ತಂತಿ ಕಿಡಿ ಹಾರಿಸುತ್ತಲೇ ಇತ್ತು. ಕಿಡಿಯೂ ರೇಡಿಯೊ ಅಲೆ ಎಬ್ಬಿಸುವುದರಿಂದ, ಅದು ಹಾರಿದಾಗಲೆಲ್ಲ ಪೆನ್ನು ಹುಚ್ಚೆದ್ದು ಕುಣಿಯುತ್ತಿತ್ತು.

ಕೇಂದ್ರದ ಮುಖ್ಯಸ್ಥ ಮಲ್ಲಿಕಾರ್ಜುನಪ್ಪನವರು ಬೇಸತ್ತು, ಮಧ್ಯಾಹ್ನ ಮೋಟರು ನಿಲ್ಲಿಸುವಂತೆ ತಾಲ್ಲೂಕು ಕಚೇರಿಯಿಂದ ಆದೇಶ ತರಿಸಲು ಹೊರಟರು. ಸುದ್ದಿ ತಿಳಿದ ಪಕ್ಕದ ಹೊಲದ ಓಬಣ್ಣ ಬೇಲಿ ಹತ್ತಿರವೇ ಚೌಡಮ್ಮನನ್ನು ತಡೆದ.

"ಏನವ್ವಾ, ನಮಗೆ ಕರೆಂಟು ಬರಾದೇ ಮಧ್ಯಾಹ್ನ. ಆಗ ಮೋಟ್ರು ನಿಲ್ಲಿಸಿದ್ರೆ ಈರುಳ್ಳಿಗೆ ನೀರು ಹೆಂಗೆ ಬಿಡಾಕೆ ಆಗ್ತೈತೆ?"

"ನಿಲ್ಲಿಸಬ್ಯಾಡ್ರಿ ಅಣ್ಣಾ," ಅಂದಳು ಚೌಡಮ್ಮ. ಮಾತು ಕೊಟ್ಟಾಗಿತ್ತು, ದಾರಿ ಇನ್ನೂ ಪೂರ್ತಿ ಗೊತ್ತಿರಲಿಲ್ಲ.

ಅವಳು ನೇರವಾಗಿ ಮುಖ್ಯಸ್ಥರ ಕೋಣೆಗೆ ಹೋದಳು. "ಸಾರ್, ಕಿಡಿ ಇರೋದು ಕ್ಷಣದ ಚೂರು ಹೊತ್ತು. ಎರಡು ಕಿಡಿಗಳ ನಡುವೆ ಆಕಾಶ ಚೊಕ್ಕವಾಗೇ ಐತೆ. ಬಂದ ಅಲೆಯನ್ನ ಸೊನ್ನೆ-ಒಂದರ ಅಂಕಿ ಮಾಡಿಕೊಂಡ್ರೆ ಕೆಟ್ಟ ಅಂಕಿ ಎಸೆದು ಒಳ್ಳೇದನ್ನಷ್ಟೇ ಲೆಕ್ಕಕ್ಕೆ ತಗೋಬಹುದು."

ಮಲ್ಲಿಕಾರ್ಜುನಪ್ಪನವರು ಕನ್ನಡಕ ತೆಗೆದು ಯೋಚಿಸಿದರು. "ಮುಂದಿನ ಬೇಸಿಗೆಯೊಳಗೆ ಮಾಡಿ ತೋರ್ಸು. ಅದಕ್ಕೆ ಬೇಕಾದ ಎಲೆಕ್ಟ್ರಾನಿಕ್ ಚಿಪ್ ತರಿಸೋ ಹೊಣೆ ನಂದು." ಆದೇಶದ ಮಾತು ಅಲ್ಲಿಗೆ ನಿಂತಿತು. ಎರಡು ಸಾಲುಗಳಿಂದ ಬಂದ ಅಂಕಿಗಳನ್ನು ಹೋಲಿಸುವ ಸರ್ಕ್ಯೂಟನ್ನು ಅವರೇ ಬರೆದುಕೊಟ್ಟರು. ಕೆಟ್ಟದ್ದನ್ನು ತಡೆಯುವ ‘ಬಾಗಿಲು’ ಎಂಬ ಸರ್ಕ್ಯೂಟನ್ನು ಚೌಡಮ್ಮ ಕಟ್ಟತೊಡಗಿದಳು.

ಮೊದಲ ಪ್ರಯತ್ನ ಕೈಕೊಟ್ಟಿತು. ಕಿಡಿ ಕಂಡೊಡನೆ ಬಾಗಿಲು ಮುಚ್ಚುತ್ತಿತ್ತು, ನಿಜ; ಆದರೆ ಕಂಡು ಮುಚ್ಚುವಷ್ಟರಲ್ಲಿ ಕಿಡಿಯ ತಲೆ ಒಳಗೆ ನುಗ್ಗಿರುತ್ತಿತ್ತು. ಬಾಗಿಲು ತೆರೆದ ಮೇಲೂ ರಿಸೀವರಿನಲ್ಲಿ ಅದರ ನಡುಕ ಉಳಿದಿರುತ್ತಿತ್ತು. ಪೆನ್ನು ಮೊದಲಿನಂತೆಯೇ ಕುಣಿಯಿತು. ಚೌಡಮ್ಮನಿಗೆ ಅಂದು ಊಟ ಸೇರಲಿಲ್ಲ.

ಉಪಾಯ ಹೊಳೆದದ್ದು ಜಗಳೂರಿನ ಬಸ್ಸು ದಾವಣಗೆರೆಯ ರೈಲ್ವೆ ಗೇಟಿನಲ್ಲಿ ನಿಂತಾಗ. ಗೇಟು ಹಾಕುವುದು ರೈಲು ಬಂದ ಮೇಲಲ್ಲ, ಬರುವ ಸುದ್ದಿ ಬಂದಾಗ! ತಂತಿಯಲ್ಲಿ ಓಡುವ ಅಲೆಯನ್ನು ನಿಲ್ಲಿಸಿಕೊಳ್ಳಲಾಗದು. ಅಂಕಿಯಾದ ಅಲೆಯನ್ನು ಚಿಪ್‌ನೊಳಗೆ ಒಂದಿಷ್ಟು ಹೊತ್ತು ಕಾಯುವಂತೆ ಮಾಡಬಹುದು. ಎರಡೂ ಸಾಲಿನ ಅಂಕಿಗಳನ್ನು ಹಾಗೆ ಕಾಯಲು ಬಿಟ್ಟು, ನೇರ ಬಂದ ಅಲೆಯಲ್ಲಿ ಕಿಡಿ ಕಂಡೊಡನೆ, ಕಾದಿರುವ ಅಂಕಿಗಳಲ್ಲಿ ಅದು ಬಾಗಿಲಿಗೆ ಬರುವ ಮುನ್ನವೇ ಬಾಗಿಲು ಹಾಕಿ, ನಡುಕ ಇಳಿದ ಮೇಲೆ ತೆಗೆದರಾಯಿತು.

೧೯೮೪ರ ಏಪ್ರಿಲ್. ಇಳಿಹೊತ್ತಿಗೆ ಏಡಿ ನೀಹಾರಿಕೆ ಆಂಟೆನಾಗಳ ನೆತ್ತಿಗೆ ಬರುವುದಿತ್ತು. ಅದು ಸಿಡಿದುಹೋದ ನಕ್ಷತ್ರವೊಂದರ ಉಳಿಕೆ. ಚೌಡಮ್ಮನೇ ಓಬಣ್ಣನ ಬಳಿಗೆ ಹೋಗಿ, "ಅಣ್ಣಾ, ಇವತ್ತು ಮೋಟ್ರು ಜೋರಾಗಿ ಓಡ್ಲಿ," ಅಂದಳು. ಅವನು ತಮಾಷೆ ಅಂದುಕೊಂಡು ನಕ್ಕ. ಆಮೇಲೆ ಗುಂಡಿ ಒತ್ತಿದ.

ಹಳೇ ರಿಸೀವರಿನ ಪೆನ್ನು ಕಾಗದವನ್ನೇ ಗೀಚಿ ಹಾಕಿತು. ಪಕ್ಕದಲ್ಲಿ ಹೊಸದರ ಪೆನ್ನು ಸಣ್ಣಗೆ ಮೇಲೆದ್ದು, ಇಳಿದು, ಇನ್ನಷ್ಟು ಎತ್ತರಕ್ಕೆ ಎದ್ದು, ಕೆರೆಯ ತೆರೆಯಂತೆ ಒಂದೊಂದೇ ಅಲೆ ಬಿಡಿಸಿತು. ಎರಡು ಸಾಲುಗಳ ಹೋಲಿಕೆಯಲ್ಲಿ ನೀಹಾರಿಕೆ ಮೂಡುವುದು ಹೀಗೆಯೇ. ಮಲ್ಲಿಕಾರ್ಜುನಪ್ಪನವರಿಗೆ ನಂಬಿಕೆ ಸಾಲಲಿಲ್ಲ. "ಮೋಟರು ಒಂದ್ಸಲ ನಿಲ್ಸಾಕೆ ಹೇಳು." ಚೌಡಮ್ಮ ಹೊರಗೋಡಿ ಕೈ ಬೀಸಿದಳು. ಮೋಟರು ನಿಂತಿತು. ಹಳೇ ಪೆನ್ನು ತಣ್ಣಗಾಗಿ ಅದೇ ಅಲೆ ಬರೆಯತೊಡಗಿತು. ಹೊಸದು ಮಾತ್ರ ಏನೂ ಆಗಿಯೇ ಇಲ್ಲವೆಂಬಂತೆ ಬರೆಯುತ್ತಲೇ ಇತ್ತು.

"ಗೆದ್ದೆ ಕಣಮ್ಮಾ!" ಎಂದು ಮುಖ್ಯಸ್ಥರು ಮೇಜು ಗುದ್ದಿದರು.

ಚೌಡಮ್ಮ ಚಪ್ಪಲಿಯನ್ನೂ ಮೆಟ್ಟದೆ ಈರುಳ್ಳಿ ಮಡಿಗಳ ನಡುವೆ ಓಡಿದಳು. "ಹಾಕ್ರಿ ಅಣ್ಣಾ, ಮೋಟ್ರು ಹಾಕ್ರಿ! ನಕ್ಷತ್ರ ಸಿಕ್ಕೈತೆ!"

ಓಬಣ್ಣ ಬಂದು ಕಾಗದ ನೋಡಿದ. ಆ ಗೆರೆಯಲ್ಲಿ ನಕ್ಷತ್ರ ಎಲ್ಲಿದೆ ಅಂತ ಅವನಿಗೆ ತಿಳಿಯಲಿಲ್ಲವಾದರೂ, ಹೋಗುವಾಗ ಬುಟ್ಟಿ ತುಂಬ ಈರುಳ್ಳಿ ಇಟ್ಟು ಹೋದ.

ಮುಂದಿನ ವರ್ಷ ಕೇಂದ್ರದ ಎಲ್ಲ ರಿಸೀವರುಗಳೂ ಚೌಡಮ್ಮನ ಕೈಯಲ್ಲಿ ಹೊಸದಾದವು. ಸುತ್ತಲಿನ ಬಾವಿಗಳಿಗೆ ಇನ್ನಷ್ಟು ಮೋಟರು ಬಂದವು. ನಡುಮಧ್ಯಾಹ್ನವೂ ಪೆನ್ನು ಆಕಾಶವನ್ನು ಬರೆಯುತ್ತಿತ್ತು.